ಹೆದರಿದವರ ಕೈ ಹಿಡಿಯೋಣ



ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯನ್ನು ನೀವು ನೋಡಿರಬಹುದು. ಸಂಕ್ರಾಂತಿಯ ದಿನಗಳಲ್ಲಿ ಎತ್ತರವಾದ ನಂದಿಧ್ವಜಗಳ ಮೆರವಣಿಗೆ ಹೊರಡುತ್ತದೆ. ಕಾಲಿಡಲು ಜಾಗ ಇರುವುದಿಲ್ಲ. ನಮಗೆ ಅದೇ ಸಂತೋಷ. ಆದರೆ ಅಂಥ ಗದ್ದಲವನ್ನು ನೆನೆದರೆ ಸಾಕು, ಕೆಲವರ ಎದೆ ಡವಡವ ಎನ್ನುತ್ತದೆ. ಅವರನ್ನು ಕಂಡು ನಾವು ನಗಬಹುದೇ?

ಒಬ್ಬ ಅಕ್ಕ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಗೆ ದಿನಾಲು ಬಸ್ಸಿನಲ್ಲಿ ಹೋಗುತ್ತಾಳೆ ಎಂದು ತಿಳಿಯಿರಿ. ಒಂದು ದಿನ ತುಂಬಿದ ಬಸ್ಸಿನಲ್ಲಿ ಅವಳಿಗೆ ಉಸಿರು ಕಟ್ಟಿದಂತಾಯಿತು. ಕೈ ನಡುಗಿತು, ಮೈ ಬೆವರಿತು. ‘ನಾನು ಇಲ್ಲಿಯೇ ಸಾಯುತ್ತೇನೆ’ ಎನಿಸಿತು. ಮರುದಿನ ಅವಳು ಬಸ್ಸು ಹತ್ತಲಿಲ್ಲ. ಆಮೇಲೆ ಸಂತೆಗೂ ಹೋಗಲಿಲ್ಲ. ಕೊನೆಗೆ ಮನೆಯ ಹೊಸ್ತಿಲು ದಾಟುವುದೇ ಕಷ್ಟವಾಯಿತು. ಓಣಿಯವರು ಅವಳನ್ನು ‘ಅಂಜುಬುರುಕಿ’ ಎಂದರು. ‘ಎಲ್ಲ ಸೋಗು’ ಎಂದೂ ಆಡಿಕೊಂಡರು.

ಅದು ಸೋಗಲ್ಲ. ಈ ತೊಂದರೆಗೆ ‘ಅಗೋರಾಫೋಬಿಯಾ’ ಎಂದು ಹೆಸರು. 1871ರಲ್ಲಿ ಜರ್ಮನಿಯ ವೈದ್ಯ ಕಾರ್ಲ್ ವೆಸ್ಟ್‌ಫಾಲ್ ಈ ಹೆಸರನ್ನು ಕೊಟ್ಟರು. ಗ್ರೀಕ್ ಭಾಷೆಯಲ್ಲಿ ‘ಅಗೋರಾ’ ಎಂದರೆ ಜನರು ಸೇರುವ ಸಂತೆಯ ಬಯಲು. ‘ಫೋಬಿಯಾ’ ಎಂದರೆ ಭಯ. ಬಸ್ಸು, ಸಂತೆ, ಉದ್ದವಾದ ಸಾಲು, ದೊಡ್ಡ ಬಯಲು ಇಂಥ ಕಡೆ ಇವರಿಗೆ ಭಯವಾಗುತ್ತದೆ. ‘ಇಲ್ಲಿ ನನಗೇನಾದರೂ ಆದರೆ ಹೊರಗೆ ಹೋಗುವುದು ಹೇಗೆ? ಯಾರು ಸಹಾಯ ಮಾಡುತ್ತಾರೆ?’ ಎಂಬ ಚಿಂತೆ ಕಾಡುತ್ತದೆ.

ಭಯವೆಂಬುದು ಕೆಟ್ಟದ್ದಲ್ಲ. ಹಾವು ಕಂಡಾಗ ಎದೆ ಜೋರಾಗಿ ಬಡಿಯುತ್ತದೆ. ನಾವು ಓಡಿ ಜೀವ ಉಳಿಸಿಕೊಳ್ಳುತ್ತೇವೆ. ಆದರೆ ಬೆಂಕಿ ಇಲ್ಲದಿದ್ದರೂ ಕಾರ್ಖಾನೆಯ ಅಪಾಯದ ಗಂಟೆ ಬಾರಿಸುವುದುಂಟು. ಹಾಗೆಯೇ ಅಪಾಯವಿಲ್ಲದಿದ್ದರೂ ಮೈಯಲ್ಲಿ ಗಾಬರಿ ಏಳುವುದುಂಟು. ಆಗ ಮನೆಗೆ ಓಡಿಬಂದರೆ ಗಾಬರಿ ಇಳಿಯುತ್ತದೆ. ‘ಮನೆಯೊಂದೇ ಕ್ಷೇಮ’ ಎಂದು ಮನಸ್ಸು ಕಲಿತುಬಿಡುತ್ತದೆ. ಹೀಗೆ ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ.

‘ಗದರಿಸಿ ಜಾತ್ರೆಗೆ ನೂಕಿದರೆ ಸರಿಹೋಗುತ್ತದೆ’ ಎಂದು ಕೆಲವರು ಹೇಳುತ್ತಾರೆ. ‘ಪಾಪ, ಮನೆಯಲ್ಲೇ ಇರಲಿ’ ಎಂದು ಇನ್ನು ಕೆಲವರು ಹೇಳುತ್ತಾರೆ. ಇವೆರಡೂ ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಹಾಗಾದರೆ ಸರಿಯಾದ ದಾರಿ ಯಾವುದು?

ಅಮೇರಿಕದಲ್ಲಿ ಪೀಟರ್ ಎಂಬ ಪುಟ್ಟ ಹುಡುಗನಿದ್ದನು. ಅವನಿಗೆ ಮೊಲ ಕಂಡರೆ ಭಯ. ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ ಅವನನ್ನು ಗದರಿಸಲಿಲ್ಲ. ಅವನು ತನಗೆ ಇಷ್ಟವಾದ ತಿಂಡಿಯನ್ನು ತಿನ್ನುವಾಗ ಪಂಜರದ ಮೊಲವನ್ನು ದೂರದಲ್ಲಿ ಇಡಿಸಿದರು. ದಿನಗಳು ಕಳೆದಂತೆ ಅದನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಪೀಟರ್ ಮೊಲದ ಮೈಯನ್ನು ಪ್ರೀತಿಯಿಂದ ಸವರಿದನು! 1924ರಲ್ಲಿ ಅವರು ಇದನ್ನು ಬರೆದು ಪ್ರಕಟಿಸಿದರು.

ನಮ್ಮ ಅಕ್ಕನಿಗೂ ಇದೇ ದಾರಿ. ಇಂದು ಅಂಗಳದವರೆಗೆ, ಕೆಲವು ದಿನಗಳ ಮೇಲೆ ಓಣಿಯ ತುದಿಯವರೆಗೆ, ಆಮೇಲೆ ಬಸ್ಸು ನಿಲ್ದಾಣದವರೆಗೆ ಹೋಗಬೇಕು. ಮೊದಮೊದಲು ಒಬ್ಬರು ಜೊತೆಗಿದ್ದರೆ ಧೈರ್ಯ ಬರುತ್ತದೆ. ಜ್ವರ ಬಂದಾಗ ವೈದ್ಯರ ಬಳಿ ಹೋಗುತ್ತೇವಲ್ಲವೇ? ಮನಸ್ಸಿಗೆ ತೊಂದರೆಯಾದಾಗ ಮನೋವೈದ್ಯರ ಬಳಿ ಹೋಗಲು ನಾಚಬಾರದು. 2022ರಲ್ಲಿ ನಮ್ಮ ಸರಕಾರವು ‘ಟೆಲಿ ಮಾನಸ್’ ಎಂಬ ಸೇವೆಯನ್ನು ಆರಂಭಿಸಿತು. 14416ಕ್ಕೆ ಫೋನ್ ಮಾಡಿದರೆ ಹಣವಿಲ್ಲದೆ ಸಲಹೆ ದೊರೆಯುತ್ತದೆ.

ಮಕ್ಕಳೇ, ನಿಮ್ಮ ವರ್ಗದಲ್ಲಿಯೂ ಗದ್ದಲಕ್ಕೆ ಹೆದರುವ ಗೆಳೆಯನೋ ಗೆಳತಿಯೋ ಇರಬಹುದು. ಅವರನ್ನು ಅಣಕಿಸಬೇಡಿ, ಎಳೆದಾಡಬೇಡಿ. ‘ನಾನು ನಿನ್ನ ಜೊತೆ ಬರುತ್ತೇನೆ, ನಿಧಾನವಾಗಿ ಹೋಗೋಣ’ ಎನ್ನಿರಿ. ನಿಮಗೇ ಹಾಗಾದರೆ ಮುಚ್ಚಿಡಬೇಡಿ; ಅವ್ವನಿಗೋ ಅಪ್ಪನಿಗೋ ಗುರುಗಳಿಗೋ ಹೇಳಿರಿ. ಹೆದರುವುದು ತಪ್ಪಲ್ಲ. ಹೆದರಿದವರನ್ನು ಒಂಟಿಯಾಗಿ ಬಿಡುವುದು ತಪ್ಪು.