ಧೈರ್ಯ ಹೇಳುವುದೂ ಒಂದು ವಿದ್ಯೆ

ನೆರೆ ಬಂದಾಗ, ಭೂಮಿ ನಡುಗಿದಾಗ, ಗುಡ್ಡ ಕುಸಿದಾಗ ನಮ್ಮ ಜನರ ಹೃದಯ ಕರಗದೆ ಇರುವುದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿ ಮನೆಗಳೂ ಕಾಫಿತೋಟಗಳೂ ಮಣ್ಣುಪಾಲಾದಾಗ ಅಕ್ಕಿ, ಬಟ್ಟೆ, ಹೊದಿಕೆಗಳು ಊರೂರುಗಳಿಂದ ಹೊರಟುವು. ಇದು ಶ್ಲಾಘ್ಯವೇ ಸರಿ. ಆದರೆ ಮನೆಯೊಡನೆ ಮುರಿದ ಮನಸ್ಸಿಗೆ ನಾವು ಕಳುಹಿಸುವುದೇನು? "ಆದದ್ದಾಯಿತು, ಮರೆತುಬಿಡಿ, ಧೈರ್ಯ ತಂದುಕೊಳ್ಳಿ" ಎಂಬ ಮೂರು ಮಾತು. ಇಷ್ಟು ಸಾಲದೆಂಬುದೇ ನನ್ನ ವಾದ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಮಂದಿ ಮಡಿದರು. ಬದುಕುಳಿದವರು ಕಣ್ಣುರಿ, ಉಬ್ಬಸಗಳೊಡನೆ ಭಯ, ಖಿನ್ನತೆ, ನಿದ್ರಾಹೀನತೆಗಳನ್ನೂ ಹೊತ್ತು ಚಿಕಿತ್ಸಾಲಯಗಳಿಗೆ ಬಂದರು. ಅಷ್ಟು ಜನರಿಗೆ ಮನೋವೈದ್ಯರನ್ನು ಎಲ್ಲಿಂದ ತರುವುದು? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಆರ್. ಶ್ರೀನಿವಾಸ ಮೂರ್ತಿ ಮೊದಲಾದ ವೈದ್ಯರು ಅಲ್ಲಿನ ಸಾಮಾನ್ಯ ವೈದ್ಯಾಧಿಕಾರಿಗಳಿಗೇ ಈ ಚಿಕಿತ್ಸೆಯ ತರಬೇತಿ ಕೊಟ್ಟರು. 2004ರ ಸುನಾಮಿಯ ತರುವಾಯ ತಮಿಳುನಾಡಿನ ಕರಾವಳಿಯಲ್ಲಿ ಅದೇ ಸಂಸ್ಥೆ ಇನ್ನೂ ಮುಂದೆ ಹೋಗಿ, ಊರಿನ ಕಾರ್ಯಕರ್ತರಿಗೂ ಸಂತೈಸುವ ಕ್ರಮವನ್ನು ಕಲಿಸಿತು. ಅಂದಮೇಲೆ ಇದು ತಜ್ಞರೊಬ್ಬರ ಸೊತ್ತಲ್ಲ. ಕಲಿಸಿದರೆ ನಾವೂ ಕಲಿಯಬಹುದಾದ ವಿದ್ಯೆ.

ಏನು ಈ ವಿದ್ಯೆ? ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿ ಅದನ್ನು ಮೂರು ಮಾತಿನಲ್ಲಿ ಅಡಗಿಸಿದೆ: ನೋಡು, ಆಲಿಸು, ಜೋಡಿಸು. ಯಾರಿಗೆ ತುರ್ತಾಗಿ ನೆರವು ಬೇಕೆಂಬುದನ್ನು ನೋಡಬೇಕು. ಹೇಳಿದರೆ ಆಲಿಸಬೇಕು, ಹೇಳೆಂದು ಪೀಡಿಸಬಾರದು. ಅನ್ನ, ನೀರು, ಬಂಧುಗಳು, ವೈದ್ಯರು, ಇವುಗಳೊಡನೆ ಅವರನ್ನು ಜೋಡಿಸಬೇಕು. ಇಷ್ಟಾದರೆ ಹೆಚ್ಚಿನವರು ಕಾಲಕ್ರಮದಲ್ಲಿ ಚೇತರಿಸಿಕೊಳ್ಳುತ್ತಾರೆ. ತಿಂಗಳುಗಳೇ ಕಳೆದರೂ ನಿದ್ದೆ ಬಾರದವರನ್ನು, ಬದುಕೇ ಬೇಡವೆನ್ನುವವರನ್ನು ಮಾತ್ರ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ, 14416, ಹಗಲಿರುಳೂ ಉಚಿತವಾಗಿ ದೊರೆಯುತ್ತದೆ.

"ನಮ್ಮ ಜನ ಗಟ್ಟಿಗರು, ಎಂಥ ಕಷ್ಟವನ್ನಾದರೂ ತಾಳಿಕೊಳ್ಳಬಲ್ಲರು" ಎಂದು ಕೆಲವರು ಹೇಳುವುದುಂಟು. ಗಟ್ಟಿಗರೆಂಬುದು ನಿಜ. ಆದರೆ ಆ ಹೊಗಳಿಕೆ ನಮ್ಮ ಆಲಸ್ಯಕ್ಕೆ ನೆಪವಾಗಬಾರದು. ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ವರ್ಷಗಟ್ಟಲೆ ಅಲೆಯುವವನಿಗೆ ಭಾಷಣದಿಂದ ಧೈರ್ಯ ಬರುವುದೆ? ಮರಳಿ ಸೂರು, ದುಡಿಮೆ, ನೆರೆಹೊರೆ ದೊರೆತಾಗಲೇ ಮನಸ್ಸು ನೆಲೆಗೊಳ್ಳುವುದು. ಹಳೆಯ ನೆರೆಯವರನ್ನು ಚದುರಿಸದೆ ಹೊಸ ಮನೆಗಳನ್ನು ಕಟ್ಟಿಕೊಡುವುದೂ ಮನಸ್ಸಿನ ಚಿಕಿತ್ಸೆಯೇ.

ಸಹಪಾಠಿ ಮಿತ್ರರೆ, ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಘಟಕದ ಮುಂದೆ ನಾನಿಡುವ ಸಲಹೆ ಎರಡು. ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಎರಡು ದಿನ ಈ ತರಬೇತಿ ನಡೆಯಲಿ. ಅಧ್ಯಾಪಕ ಮಹಾಶಯರು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಆಹ್ವಾನಿಸಲಿ. ಎಲ್ಲಿಯಾದರೂ ನೆರವಿಗೆ ಹೋದರೆ ಆರು ತಿಂಗಳ ಮೇಲೆ ಅದೇ ಮನೆಗಳಿಗೆ ಮತ್ತೊಮ್ಮೆ ಹೋಗೋಣ. ಲಾರಿಗಳೂ ಪತ್ರಿಕೆಯವರೂ ಮರಳಿದ ಮೇಲೆಯೇ ಆ ಜನರಿಗೆ ಕೇಳುವ ಕಿವಿ ಹೆಚ್ಚಾಗಿ ಬೇಕಾಗುವುದು. ಇದಕ್ಕೆ ಹಣ ಬೇಕಿಲ್ಲ. ಕಲಿಯುವ ಮನಸ್ಸೂ ಕುಳಿತು ಕೇಳುವ ತಾಳ್ಮೆಯೂ ಇದ್ದರೆ ಸಾಕು.