ಲಯ ತಪ್ಪಿದ ಹೃದಯ: ಗೃಹಸ್ಥರು ಅರಿಯಬೇಕಾದುದು

ಹೃದಯದ ಮೇಲ್ಭಾಗದ ಎರಡು ಕೋಣೆಗಳಿಗೆ ಹೃತ್ಕರ್ಣಗಳೆಂದು ಹೆಸರು. ಇವು ಲಯಬದ್ಧವಾಗಿ ಸಂಕುಚಿಸುವುದನ್ನು ಬಿಟ್ಟು ಅಸ್ತವ್ಯಸ್ತವಾಗಿ ಕಂಪಿಸತೊಡಗಿದರೆ ನಾಡಿಯು ಕ್ರಮ ತಪ್ಪುತ್ತದೆ. ವೈದ್ಯರು ಈ ಸ್ಥಿತಿಯನ್ನು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ವೃದ್ಧಾಪ್ಯ, ರಕ್ತದೊತ್ತಡ, ಹೃದಯ ಕವಾಟದ ದೋಷ, ಥೈರಾಯ್ಡ್ ಗ್ರಂಥಿಯ ಅತಿಸ್ರಾವ, ಮದ್ಯಪಾನ ಮುಂತಾದುವು ಇದಕ್ಕೆ ಎಡೆಮಾಡಿಕೊಡುತ್ತವೆ. ಕೆಲವರಿಗೆ ಎದೆ ಡವಗುಟ್ಟಿ ಏದುಸಿರು ಬರುತ್ತದೆ; ಕೆಲವರಿಗೆ ಏನೂ ತಿಳಿಯುವುದಿಲ್ಲ. ಬಹುಪಾಲು ರೋಗಿಗಳು ಹೊರರೋಗಿ ವಿಭಾಗಕ್ಕೆ ಕಾಲಕಾಲಕ್ಕೆ ಹೋಗಿಬಂದು ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಪಡೆಯಬಲ್ಲರು. ಆದುದರಿಂದ ಈ ವಿಷಯವನ್ನು ಗೃಹಸ್ಥರ ಮುಂದಿಡುವುದು ಯುಕ್ತವೆಂದು ನಾವು ಭಾವಿಸಿದ್ದೇವೆ.

ಈ ರೋಗದ ದೊಡ್ಡ ಅಪಾಯವು ಮಿದುಳಿಗೆ ಒದಗುತ್ತದೆ. ಕಂಪಿಸುವ ಎಡ ಹೃತ್ಕರ್ಣದ ಮೂಲೆಯಲ್ಲಿ ರಕ್ತವು ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಹರಿದುಹೋಗಿ ಮಿದುಳಿನ ರಕ್ತನಾಳವನ್ನು ಮುಚ್ಚಿದರೆ ಪಾರ್ಶ್ವವಾಯು ಉಂಟಾಗುತ್ತದೆ. ಈ ರೋಗವಿರುವವರಲ್ಲಿ ಪಾರ್ಶ್ವವಾಯುವಿನ ಸಂಭವವು ಇತರರಿಗಿಂತ ಸುಮಾರು 5 ಪಟ್ಟು ಹೆಚ್ಚು. 65 ವರ್ಷ ದಾಟಿದವರು, ಮಧುಮೇಹ ಹಾಗೂ ರಕ್ತದೊತ್ತಡವುಳ್ಳವರು, ಹಿಂದೆ ಒಮ್ಮೆ ಪಾರ್ಶ್ವವಾಯುವಿಗೆ ತುತ್ತಾದವರು ವಿಶೇಷ ಎಚ್ಚರದಿಂದಿರಬೇಕು.

ಮೆಟೊಪ್ರೊಲೋಲ್‌ನಂತಹ ಮಾತ್ರೆಯು ನಾಡಿಯ ವೇಗವನ್ನು ತಗ್ಗಿಸುತ್ತದೆ. ರೋಗಿಗೆ ಕೂಡಲೇ ನೆಮ್ಮದಿಯೆನಿಸುತ್ತದೆ. ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯ ಫಲವಾದರೋ ಅನುಭವಕ್ಕೆ ಬಾರದು. "ಈಗ ಆರಾಮವಾಗಿದ್ದೇನೆ, ಇನ್ನೇಕೆ ಔಷಧ?" ಎಂದು ಅದನ್ನು ತ್ಯಜಿಸುವ ಹಿರಿಯರನ್ನು ನಾವು ಕಂಡಿದ್ದೇವೆ. ಬಾರದೆ ಹೋದ ವಿಪತ್ತೇ ಆ ಮಾತ್ರೆಯ ಫಲ. ಅದರ ಸ್ಥಾನವನ್ನು ಆಸ್ಪಿರಿನ್ ತುಂಬಲಾರದು.

ಈ ಬಗೆಯ ಔಷಧಗಳಲ್ಲಿ ಹಳೆಯದಾದ ವಾರ್ಫರಿನ್ 1954ರಿಂದ ಮನುಷ್ಯರ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ಇದನ್ನು ಸೇವಿಸುವವರು ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ವೈದ್ಯರು ಹೇಳಿದ ದಿನ ತಪ್ಪದೆ ಮಾಡಿಸಬೇಕು. ಸಾಮಾನ್ಯವಾಗಿ ಅದು 2ರಿಂದ 3ರ ನಡುವೆ ಇರತಕ್ಕದ್ದು. ಸೊಪ್ಪುಗಳಲ್ಲಿರುವ ಕೆ ಜೀವಸತ್ವವು ಈ ಔಷಧದ ಬಲವನ್ನು ಕುಂದಿಸುತ್ತದೆ. ಹಾಗೆಂದು ಸೊಪ್ಪನ್ನು ವರ್ಜಿಸಬೇಕಾಗಿಲ್ಲ. ಒಂದು ವಾರ ಯಥೇಚ್ಛ, ಮರುವಾರ ಏನೂ ಇಲ್ಲ ಎಂಬಂತಾಗದೆ ಪ್ರಮಾಣವು ಸಮನಾಗಿರಲಿ. ಅಪಿಕ್ಸಬಾನ್, ಡಾಬಿಗಾಟ್ರಾನ್ ಮೊದಲಾದ ಹೊಸ ಔಷಧಗಳಿಗೆ ಈ ಪರೀಕ್ಷೆ ಬೇಕಿಲ್ಲ. ಮೂತ್ರಪಿಂಡದ ಪರೀಕ್ಷೆ ಮಾತ್ರ ಆಗಾಗ ಆಗಬೇಕು. ಆದರೆ ಕೃತಕ ಲೋಹದ ಕವಾಟ ಅಳವಡಿಸಿಕೊಂಡವರಿಗೂ, ಸಂಧಿವಾತ ಜ್ವರದಿಂದ ಕವಾಟವು ತೀರಾ ಕಿರಿದಾದವರಿಗೂ ಇಂದಿಗೂ ವಾರ್ಫರಿನ್ ಬಗೆಯ ಔಷಧವೇ ಆಧಾರ.

ಮನೆಯವರ ಕರ್ತವ್ಯಗಳು ಕೆಲವಿವೆ. ಮಾತ್ರೆಯ ಹೊತ್ತನ್ನು ನೆನಪಿಸುವುದು. ಒಂದು ಹೊತ್ತು ತಪ್ಪಿದರೆ ಮರುದಿನ ಇಮ್ಮಡಿ ಕೊಡದಿರುವುದು. ನೋವಿನ ಮಾತ್ರೆಯನ್ನಾಗಲಿ ನಾಟಿ ಔಷಧವನ್ನಾಗಲಿ ವೈದ್ಯರನ್ನು ಕೇಳದೆ ಕೊಡದಿರುವುದು. ಹಲ್ಲು ಕೀಳಿಸುವ ಮುನ್ನ ಈ ಔಷಧದ ವಿಷಯವನ್ನು ದಂತವೈದ್ಯರಿಗೆ ತಿಳಿಸಬೇಕು. ಮಲವು ಕಪ್ಪಾದರೆ, ವಸಡಿನಿಂದ ರಕ್ತ ನಿಲ್ಲದಿದ್ದರೆ, ತಲೆಗೆ ಪೆಟ್ಟು ಬಿದ್ದರೆ ತಡಮಾಡಬಾರದು. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಒಡನೆಯೇ ದೊಡ್ಡ ಆಸ್ಪತ್ರೆಗೆ ಸಾಗಿಸತಕ್ಕದ್ದು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗಿನ ಅವಧಿ ಮಾತ್ರ ಉಂಟು.

ಹಿರಿಯರ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಒಂದು ನಿಮಿಷ ನಾಡಿ ನೋಡುವುದನ್ನು ಪ್ರತಿ ಮನೆಯಲ್ಲಿ ಒಬ್ಬರಾದರೂ ಕಲಿಯಲಿ. ಬಡಿತದ ನಡುವಣ ಅಂತರ ಸಮನಿಲ್ಲದಿದ್ದರೆ ಇ.ಸಿ.ಜಿ. ಮಾಡಿಸಲಿ. ಹಿರಿಯರ ಸೇವೆಯೆಂದರೆ ಇಂತಹ ಸಣ್ಣ ಕೆಲಸಗಳ ನಿತ್ಯ ಪಾಲನೆಯೆಂಬುದು ನಮ್ಮ ಅಭಿಮತ.