ಐಟಿಐಲಿ ಯಾವ ಟ್ರೇಡ್ ತಗೋಬೇಕು? ಕೋಲಾರದ ಅಂಗಡಿ ಸಾಲನ್ನೂ ಒಮ್ಮೆ ಕೇಳಿ

ಕೋಲಾರ: ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಜಿಲ್ಲೆಯ ಮನೆ ಮನೆಯಲ್ಲೂ ಅದೇ ಚರ್ಚೆ. ಪಿಯುಸಿನಾ, ಡಿಪ್ಲೊಮಾನಾ, ಐಟಿಐನಾ? ಐಟಿಐ ಅಂತ ತೀರ್ಮಾನ ಆದರೆ ಮುಂದಿನ ಪ್ರಶ್ನೆ ಯಾವ ಟ್ರೇಡ್ ಅನ್ನೋದು. ಇಲ್ಲಿ ಬಹುತೇಕ ಮನೆಗಳಲ್ಲಿ ಲೆಕ್ಕಾಚಾರ ನಡೆಯೋದಿಲ್ಲ, ಅಂದಾಜು ನಡೆಯುತ್ತೆ. ಚಿಕ್ಕಪ್ಪನ ಮಗ ಫಿಟ್ಟರ್ ಮಾಡಿದ್ದಾನೆ, ಇವನೂ ಫಿಟ್ಟರ್ ಮಾಡಲಿ. ಎಲೆಕ್ಟ್ರಿಷಿಯನ್‌ಗೆ ಎಲ್ಲಿ ಹೋದರೂ ಕೆಲಸ ಇದೆ, ಅದನ್ನೇ ಹಾಕಿಸೋಣ. ಸೀಟು ಸಿಗದಿದ್ದರೆ ಯಾವುದು ಖಾಲಿ ಇದೆಯೋ ಅದು.

ಅದೇ ಹೊತ್ತಲ್ಲಿ ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರದ ಅಂಗಡಿ ಸಾಲಿನ ಕಥೆಯೇ ಬೇರೆ. ಬೇಸಿಗೆ ಬಂತೆಂದರೆ ಬೋರ್‌ವೆಲ್ ಮೋಟಾರ್ ರೀವೈಂಡಿಂಗ್‌ಗೆ ಕೈ ಸಾಲೋದಿಲ್ಲ. ಫ್ರಿಜ್, ಕೂಲರ್, ಡೀಪ್ ಫ್ರೀಜರ್ ಕೆಟ್ಟರೆ ಮೆಕ್ಯಾನಿಕ್‌ಗೆ ಫೋನ್ ಮೇಲೆ ಫೋನ್. ಒಂದು ಕಡೆ ಸರ್ಟಿಫಿಕೇಟ್ ಹಿಡಿದ ಹುಡುಗರು ಹೆಲ್ಪರ್ ಕೆಲಸಕ್ಕೆ ಏಜೆನ್ಸಿ ಬಾಗಿಲಲ್ಲಿ, ಇನ್ನೊಂದು ಕಡೆ ಕೆಲಸ ಗೊತ್ತಿರೋ ಹುಡುಗ ಸಿಗದೆ ಪರದಾಡುವ ಅಂಗಡಿ ಮಾಲೀಕ. ದೇಶದ ಲೆಕ್ಕದಲ್ಲಿ 15ರಿಂದ 29 ವರ್ಷದವರ ನಿರುದ್ಯೋಗ ದರ 2023-24ರ ಕೇಂದ್ರ ಸಮೀಕ್ಷೆ ಪ್ರಕಾರ ಶೇ 10.2. ಆ ಅಂಕಿ ನೋಡಿ ಕೆಲಸವೇ ಇಲ್ಲ ಅಂತ ಅನ್ನಿಸಬಹುದು. ತಾಲ್ಲೂಕಿಗೆ ಇಳಿದು ನೋಡಿದರೆ ಕೆಲಸಕ್ಕೂ ಕಲಿಕೆಗೂ ನಂಟು ತಪ್ಪಿರುವುದು ಕಾಣುತ್ತೆ.

ಈ ನಂಟು ತಪ್ಪುವುದಕ್ಕೆ ಒಂದು ಸರಳ ಕಾರಣ ಕಾಲದ ಅಂತರ. ಫಿಟ್ಟರ್, ಎಲೆಕ್ಟ್ರಿಷಿಯನ್, ರೆಫ್ರಿಜರೇಷನ್ ಮೆಕ್ಯಾನಿಕ್ ಕೋರ್ಸ್‌ಗಳಿಗೆ ಎರಡು ವರ್ಷ. ಹೊಸ ಟ್ರೇಡ್ ತರಬೇಕಂದ್ರೆ ಕೇಂದ್ರದ ಮಾನ್ಯತೆ ಬೇಕು, ಯಂತ್ರ ಬೇಕು, ಕಲಿಸೋ ಬೋಧಕ ಬೇಕು. ಅಂದರೆ ಇವತ್ತು ಕೂತು ಸೀಟು ಹಂಚುವವರು ಮೂರು-ನಾಲ್ಕು ವರ್ಷ ಆಚೆಗಿನ ಮಾರುಕಟ್ಟೆಗೆ ಉತ್ತರ ಹೇಳುತ್ತಿರುತ್ತಾರೆ. ಮುಂದೇನು ಬೇಕಾಗುತ್ತೆ ಅನ್ನೋ ಅಂದಾಜು ತಪ್ಪಿದರೆ ಅದರ ಬೆಲೆ ತೆರುವುದು ಆ ಬ್ಯಾಚಿನ ಹುಡುಗರು. ಸೀಟು ಹಂಚಿದವರು ಅಷ್ಟೊತ್ತಿಗೆ ವರ್ಗಾವಣೆಯಾಗಿ ಬೇರೆ ಜಿಲ್ಲೆಯಲ್ಲಿರುತ್ತಾರೆ.

ಅಂದಾಜು ತಪ್ಪೋದು ಹೇಗೆ ಅಂತ ಕೋಲಾರ ಜಿಲ್ಲೆಗೆ ಯಾರೂ ಪಾಠ ಹೇಳಬೇಕಿಲ್ಲ. ಕೆಜಿಎಫ್‌ನಲ್ಲಿ ನೂರಿಪ್ಪತ್ತು ವರ್ಷ ಒಂದೇ ಕೆಲಸದ ಸುತ್ತ ಊರು ಬೆಳೆಯಿತು. 2001ರಲ್ಲಿ ಗಣಿ ಮುಚ್ಚಿದಾಗ ಭೂಮಿಯ ಕೆಳಗೆ ಸಾವಿರಾರು ಅಡಿ ಇಳಿದು ಕೆಲಸ ಮಾಡುತ್ತಿದ್ದವರ ಕೈಚಳಕಕ್ಕೆ ಮೇಲೆ ಗಿರಾಕಿ ಇರಲಿಲ್ಲ. ಅವರ ಮಕ್ಕಳು ಇವತ್ತಿಗೂ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯೋಕೆ ಹೋಗಿ ರಾತ್ರಿ ವಾಪಸ್ ಬರುತ್ತಾರೆ.

ಅದಕ್ಕೆ ತದ್ವಿರುದ್ಧ ನರಸಾಪುರ. 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಬಂತು. ಆಮೇಲೆ ವಿಸ್ಟ್ರಾನ್ ಬಂದು ಐಫೋನ್ ಜೋಡಿಸತೊಡಗಿತು, 2023ರಲ್ಲಿ ಅದು ಟಾಟಾ ಕೈಗೆ ಹೋಯಿತು. ರಾಷ್ಟ್ರೀಯ ಕೌಶಲ ಅಭಿವೃದ್ಧಿ ನಿಗಮ ದಶಕದ ಹಿಂದೆ ಕರ್ನಾಟಕಕ್ಕೆ ಜಿಲ್ಲಾವಾರು ಕೌಶಲ ಕೊರತೆಯ ಅಧ್ಯಯನ ಮಾಡಿಸಿ, 2022ರವರೆಗೆ ಯಾವ ವಲಯಕ್ಕೆ ಎಷ್ಟು ಜನ ಬೇಕು ಅಂತ ಅಂದಾಜು ಕೊಟ್ಟಿತ್ತು. ರಾಗಿ, ಟೊಮೆಟೊ ಬೆಳೆಯೋ ಜಿಲ್ಲೆಯಲ್ಲಿ ಐಫೋನ್ ಜೋಡಿಸುತ್ತಾರೆ ಅಂತ ಆಗ ಹೇಳಿದ್ದರೆ ನಕ್ಕುಬಿಡುತ್ತಿದ್ದರು. ಹಾಗಂತ ಅಧ್ಯಯನವೇ ದಂಡ ಅನ್ನೋಹಾಗಿಲ್ಲ. ಹತ್ತು ವರ್ಷಕ್ಕೊಮ್ಮೆ ಮಾಡಿ ಕಪಾಟಿಗೆ ಸೇರಿಸಿದರೆ ಏನೂ ಉಪಯೋಗ ಇಲ್ಲ, ಅಷ್ಟೇ.

ನರಸಾಪುರದಲ್ಲಿ ಇನ್ನೂ ಒಂದು ವಿಷಯ ಇದೆ, ಕೌಶಲದ ಬಗ್ಗೆ ನಡೆಯೋ ಸಭೆಗಳಲ್ಲಿ ಅದರ ಮಾತೇ ಬರೋದಿಲ್ಲ. 2020ರ ಡಿಸೆಂಬರ್ 12ರಂದು ವಿಸ್ಟ್ರಾನ್ ಘಟಕದಲ್ಲಿ ನಡೆದ ಗಲಾಟೆ ಎಲ್ಲರಿಗೂ ನೆನಪಿದೆ. ಸಂಬಳ ಸರಿಯಾಗಿ, ಸಮಯಕ್ಕೆ ಬಂದಿಲ್ಲ ಅನ್ನೋದು ಕಾರ್ಮಿಕರ ದೂರು. ಕೆಲವರಿಗೆ ಹಾಗಾಗಿದ್ದು ನಿಜ ಅಂತ ಕಂಪನಿಯೇ ಆಮೇಲೆ ಒಪ್ಪಿ ಕ್ಷಮೆ ಕೇಳಿತು. ಅಲ್ಲಿದ್ದ ಬಹಳಷ್ಟು ಹುಡುಗರು ಏಜೆನ್ಸಿಗಳ ಮೂಲಕ ಬಂದವರು, ಓದಿದವರು. ಇಷ್ಟು ಸಾವಿರ ಉದ್ಯೋಗ ಸೃಷ್ಟಿ ಅನ್ನೋ ಲೆಕ್ಕ ತಲೆ ಎಣಿಸುತ್ತೆ. ಎಷ್ಟು ಸಂಬಳ, ಎಷ್ಟು ದಿನ, ಯಾರ ಕೆಳಗೆ ಅನ್ನೋದನ್ನು ಎಣಿಸೋದಿಲ್ಲ. ಜೋಡಣೆ ಕೆಲಸಕ್ಕೆ ಕಂಪನಿಗಳು ತಾವೇ ಒಳಗೆ ತರಬೇತಿ ಕೊಟ್ಟುಕೊಳ್ಳುತ್ತವೆ. ಎರಡು ವರ್ಷ ಫಿಟ್ಟರ್ ಓದಿದವನೂ ಪಿಯುಸಿ ಮುಗಿಸಿದವನೂ ಅದೇ ಸಾಲಿನಲ್ಲಿ ಕೂತು ಅದೇ ಕೆಲಸ ಮಾಡಿದರೆ ಆ ಎರಡು ವರ್ಷಕ್ಕೆ ಏನು ಬೆಲೆ ಬಂತು?

ದುಡ್ಡಿಗೇನೂ ಕೊರತೆಯಿಲ್ಲ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ನಾಲ್ಕೂವರೆ ಸಾವಿರ ಕೋಟಿಗೂ ಹೆಚ್ಚು ವೆಚ್ಚದಲ್ಲಿ ಮೇಲ್ದರ್ಜೆಗೇರಿಸಿದ ಯೋಜನೆ 2022ರಲ್ಲಿ ಉದ್ಘಾಟನೆಯಾಯಿತು. ರೋಬೋಟಿಕ್ಸ್, ಸಿಎನ್‌ಸಿ, ಎಲೆಕ್ಟ್ರಿಕ್ ವಾಹನದ ಕೋರ್ಸ್‌ಗಳು ಬಂದವು. ಈಗ ಕೇಂದ್ರದ ಪಿಎಂ-ಸೇತು ಅಡಿ ದೇಶದ ಸಾವಿರ ಐಟಿಐಗಳಿಗೆ 60,000 ಕೋಟಿ ರೂಪಾಯಿಯ ಯೋಜನೆ. ಯಂತ್ರ ಬರುತ್ತೆ, ಕಟ್ಟಡ ಬರುತ್ತೆ. ಆ ಯಂತ್ರದ ಮೇಲೆ ಕಲಿತವರಿಗೆ ಮಾಲೂರಲ್ಲೋ ವೇಮಗಲ್‌ನಲ್ಲೋ ಎಷ್ಟು ಕೆಲಸ ಇದೆ ಅನ್ನೋ ಪಟ್ಟಿ ಮಾತ್ರ ಯಂತ್ರದ ಜೊತೆ ಬರೋದಿಲ್ಲ.

ಮೇಲಿನ ಅಂದಾಜು ಕೆಳಗೆ ಹೇಗೆ ಕೆಡುತ್ತೆ ಅನ್ನೋದಕ್ಕೆ ಸೋಲಾರ್ ಒಳ್ಳೆ ಉದಾಹರಣೆ. 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯಘರ್ ಶುರುವಾಯಿತು, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ. ದೇಶದ ಲೆಕ್ಕದಲ್ಲಿ ಸೋಲಾರ್ ಟೆಕ್ನಿಷಿಯನ್‌ಗಳು ಲಕ್ಷಗಟ್ಟಲೆ ಬೇಕು ಅನ್ನಿಸುತ್ತೆ. ಆದರೆ ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿ ಇದೆ, 200 ಯೂನಿಟ್‌ವರೆಗೆ ಮನೆಗೆ ಕರೆಂಟ್ ಬಿಲ್ಲೇ ಬರೋದಿಲ್ಲ. 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೂ ಉಚಿತ. ಬಿಲ್ಲೇ ಇಲ್ಲದ ಮನೆಯವರು ಸಾಲ ಮಾಡಿ ಪ್ಯಾನೆಲ್ ಯಾಕೆ ಹಾಕಿಸ್ತಾರೆ? ದೆಹಲಿಯ ಅಂದಾಜು ನಂಬಿ ಇಲ್ಲಿ ಹುಡುಗರನ್ನು ತಯಾರು ಮಾಡಿದರೆ ಅವರು ಸುಮ್ಮನೆ ಕೂರಬೇಕಾಗುತ್ತೆ. ಹಾಗಾದರೆ ಇಲ್ಲಿ ಸೋಲಾರ್ ಕೆಲಸವೇ ಇಲ್ಲವಾ? ಇದೆ. ಅಂಗಡಿ, ಹೋಟೆಲ್, ಕಲ್ಯಾಣ ಮಂಟಪ, ಕೋಲ್ಡ್ ಸ್ಟೋರೇಜ್‌ಗಳಿಗೆ ಗೃಹಜ್ಯೋತಿ ಸಿಗೋದಿಲ್ಲ. ತಿಂಗಳ ಬಿಲ್ಲು ಕಟ್ಟಲೇಬೇಕು. ಇಲ್ಲಿನ ಗಿರಾಕಿ ಅವರು. ಅವರೆಷ್ಟು ಜನ, ಬಿಲ್ಲೆಷ್ಟು ಅನ್ನೋ ಮಾಹಿತಿ ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲೇ ಇದೆ.

ಹೀಗೆ ನೋಡ್ತಾ ಹೋದರೆ ಮುಂದಿನ ಕೆಲಸದ ಸುಳಿವುಗಳು ತಾಲ್ಲೂಕಿನೊಳಗೇ ಬಿದ್ದಿವೆ. ಕೆಎ-07 ಮತ್ತು ಕೆಎ-08ರಲ್ಲಿ ತಿಂಗಳಿಗೆ ಎಷ್ಟು ಎಲೆಕ್ಟ್ರಿಕ್ ಸ್ಕೂಟರ್ ನೋಂದಣಿಯಾದವು ಅನ್ನೋದು ಸಾರಿಗೆ ಇಲಾಖೆಯ ವಾಹನ್ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಇವತ್ತು ಅವು ಕಂಪನಿ ಸರ್ವಿಸ್ ಸೆಂಟರ್‌ಗೆ ಹೋಗುತ್ತವೆ, ವಾರಂಟಿ ಮುಗಿದ ಮೇಲೆ ಬಜಾರಿನ ಗ್ಯಾರೇಜಿಗೆ ಬರುತ್ತವೆ. ಕಾರ್ಬ್ಯುರೇಟರ್ ಬಿಚ್ಚಿ ಅಭ್ಯಾಸವಾದ ಮೆಕ್ಯಾನಿಕ್‌ಗೆ ಬ್ಯಾಟರಿ, ಕಂಟ್ರೋಲರ್ ಕಲಿಯೋಕೆ ಸಿಗೋ ಸಮಯ ಅಷ್ಟೇ. ಹಾಲಿನ ಡೇರಿಗಳ ಬಲ್ಕ್ ಕೂಲರ್ ಎಷ್ಟಿವೆ ಅನ್ನೋದು ಹಾಲು ಒಕ್ಕೂಟಕ್ಕೆ ಗೊತ್ತು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ 2024ರ ಡಿಸೆಂಬರ್‌ನಲ್ಲಿ ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ತೆರೆದುಕೊಂಡಿದೆ. ಎಷ್ಟು ಲಾರಿ ಅತ್ತ ತಿರುಗುತ್ತವೆ ಅನ್ನೋದರ ಮೇಲೆ ಮುಳಬಾಗಿಲು ಹೆದ್ದಾರಿ ಬದಿಯ ಗ್ಯಾರೇಜುಗಳ ಕೆಲಸವೂ ಬಂಗಾರಪೇಟೆ ಕಡೆಯ ಹೊಸ ಅವಕಾಶವೂ ನಿಂತಿದೆ.

ಸರ್ಕಾರದ ಕೈಯಲ್ಲಿ ಇನ್ನೊಂದು ದೊಡ್ಡ ಪಟ್ಟಿ ಇದೆ. ಯುವನಿಧಿಯಲ್ಲಿ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಅದೂ ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದವರಿಗೆ. ಅಂದರೆ ಯಾವ ಕೋರ್ಸ್ ಮುಗಿಸಿದವರು ಆರು ತಿಂಗಳಾದರೂ ಮನೆಯಲ್ಲೇ ಇದ್ದಾರೆ ಅನ್ನೋ ಲೆಕ್ಕ ಅರ್ಜಿಗಳಲ್ಲೇ ಇದೆ. ಹೆಸರು ತೆಗೆದು ಕೋರ್ಸ್‌ವಾರು, ತಾಲ್ಲೂಕುವಾರು ಅಂಕಿ ಪ್ರಕಟಿಸಿದರೆ ಯಾವ ಕನ್ಸಲ್ಟೆನ್ಸಿಯೂ ಬೇಕಿಲ್ಲ. ಐಟಿಐ ಮುಗಿಸಿದವರು ಮಾತ್ರ ಈ ಯೋಜನೆಯಲ್ಲೇ ಇಲ್ಲ, ಅವರ ಲೆಕ್ಕ ಬೇರೆಯಾಗಿಯೇ ಇಡಬೇಕು.

ಅಂಗಡಿಯವರ ಪಾತ್ರ ಮಾಹಿತಿ ಕೊಡೋದಕ್ಕೇ ಮುಗಿಯೋದಿಲ್ಲ. ಅಪ್ರೆಂಟಿಸ್ ನಿಯಮದಲ್ಲಿ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಅಪ್ರೆಂಟಿಸ್ ತಗೊಳ್ಳೋದು ಕಡ್ಡಾಯ ಅಂತ ಹಲವರಿಗೆ ಗೊತ್ತು. ನಾಲ್ಕು ಜನ ಇರೋ ಅಂಗಡಿ, ವರ್ಕ್‌ಶಾಪ್ ಕೂಡ ಇಷ್ಟಪಟ್ಟರೆ ತಗೋಬಹುದು ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ. ಸ್ಟೈಪೆಂಡ್‌ನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮಿತಿಯಲ್ಲಿ, ಕೇಂದ್ರ ಸರ್ಕಾರ ಭರಿಸುತ್ತೆ. ಕೆಲಸ ಕಲಿತ ಮೇಲೆ ಎದುರು ಅಂಗಡಿಗೆ ಹೋಗಿಬಿಡ್ತಾನೆ ಅನ್ನೋ ಭಯ ಸುಳ್ಳಲ್ಲ. ಆನ್‌ಲೈನ್ ನೋಂದಣಿ, ಒಪ್ಪಂದ ಪತ್ರ ಅಂದರೆ ರಾತ್ರಿ ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ಯಾರಿಗೆ ಪುರುಸೊತ್ತು? ಹತ್ತಾರು ಅಂಗಡಿಗಳ ಕಾಗದಪತ್ರವನ್ನು ವರ್ತಕರ ಸಂಘವೋ ಐಟಿಐಯೋ ಒಟ್ಟಿಗೆ ನೋಡಿಕೊಂಡರೆ ಮಾತ್ರ ಇದು ನಡೆಯೋ ಮಾತು.

ಮಾದರಿ ಹುಡುಕಿ ಜರ್ಮನಿಗೆ ಹೋಗಬೇಕಿಲ್ಲ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ನೋಡಿಯೇ ಕೇಂದ್ರ ಸರ್ಕಾರ ದೇಶದ ಜಿಲ್ಲೆಗಳಲ್ಲಿ ಬ್ಯಾಂಕ್‌ಗಳ ಮೂಲಕ ಆರ್‌ಸೆಟಿ ತೆರೆಸಿದ್ದು. ಅಲ್ಲಿ ಕೆಲವೇ ವಾರಗಳ ಉಚಿತ ತರಬೇತಿ, ಊಟ-ವಸತಿ ಜೊತೆಗೆ. ಮುಖ್ಯವಾದದ್ದು ಆಮೇಲೆ ಇದೆ: ಕಲಿತು ಹೋದವರು ಸ್ವಂತ ಕೆಲಸ ಶುರು ಮಾಡಿದರಾ, ಸಾಲ ಸಿಕ್ಕಿತಾ ಅಂತ ಎರಡು ವರ್ಷ ಬೆನ್ನು ಹತ್ತಿ ವಿಚಾರಿಸುತ್ತಾರೆ. ಸರ್ಟಿಫಿಕೇಟ್ ಕೊಟ್ಟ ದಿನಕ್ಕೇ ಲೆಕ್ಕ ಮುಗಿಸೋದಿಲ್ಲ. ಐಟಿಐಗಳಿಗೂ ಖಾಸಗಿ ತರಬೇತಿ ಕೇಂದ್ರಗಳಿಗೂ ಇದೇ ಅಳತೆ ಹಾಕಿದರೆ ಎಷ್ಟು ಟ್ರೇಡ್ ಉಳಿಯುತ್ತವೆ, ಎಷ್ಟು ಉದುರುತ್ತವೆ ಅನ್ನೋದು ಒಂದೇ ವರ್ಷದಲ್ಲಿ ಗೊತ್ತಾಗುತ್ತೆ.

ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಕೌಶಲ ಸಮಿತಿ ಪ್ರತಿ ವರ್ಷ ಯೋಜನೆ ತಯಾರಿಸಬೇಕು ಅನ್ನೋ ವ್ಯವಸ್ಥೆ ಈಗಾಗಲೇ ಇದೆ. ಆ ಸಭೆಗೆ ಬೆಸ್ಕಾಂ, ಆರ್‌ಟಿಒ, ಹಾಲು ಒಕ್ಕೂಟ, ಎಪಿಎಂಸಿ ತಮ್ಮ ಅಂಕಿ ತಂದು ಮೇಜಿನ ಮೇಲಿಡಲಿ. ತಾಲ್ಲೂಕಿಗೆ ಇಬ್ಬರಂತೆ ಮೆಕ್ಯಾನಿಕ್‌ಗಳನ್ನೋ ಅಂಗಡಿ ಮಾಲೀಕರನ್ನೋ ಕೂರಿಸಲಿ. ಅಲ್ಲಿಯವರೆಗೆ, ಮಗನನ್ನೋ ಮಗಳನ್ನೋ ಈ ವರ್ಷ ಐಟಿಐಗೆ ಸೇರಿಸೋಕೆ ಹೊರಟಿರುವ ತಂದೆ-ತಾಯಿ ಶುಲ್ಕ ಕೇಳೋ ಮೊದಲು ಕೌಂಟರ್‌ನಲ್ಲಿ ಇನ್ನೊಂದು ಪ್ರಶ್ನೆ ಕೇಳಬಹುದು: ಇದೇ ಟ್ರೇಡ್‌ನ ಹೋದ ಬ್ಯಾಚಿನವರು ಈಗ ಎಲ್ಲಿ ಕೆಲಸ ಮಾಡ್ತಿದ್ದಾರೆ, ಎಷ್ಟು ಸಂಬಳಕ್ಕೆ?